ಸೊನ್ನೆಯ ಹಿಂದೆ ನಿಂತ ಮುಳ್ಳು

ನಾನು ಮನುಷ್ಯರ ತೂಕ ಹೇಳುವ ಯಂತ್ರ. ಅಗಲವಾದ ಬೆನ್ನು, ಕಾಲು ಜಾರದಿರಲೆಂದು ಅದರ ಮೇಲೆ ಕಪ್ಪು ರಬ್ಬರಿನ ಹಾಸು, ಮುಂದುಗಡೆ ಗಾಜಿನೊಳಗೆ ಅಂಕಿಗಳ ತಟ್ಟೆ, ತಟ್ಟೆಯ ಮೇಲೊಂದು ಕೆಂಪು ಮುಳ್ಳು. ಹೊಟ್ಟೆಯೊಳಗೆ ಒಂದಿಷ್ಟು ಕಬ್ಬಿಣದ ಪಟ್ಟಿಗಳು, ಒಂದು ಗಟ್ಟಿ ಸ್ಪ್ರಿಂಗು. ಇಷ್ಟೇ ನನ್ನ ಸಂಸಾರ. ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ನೀಲಿ ಅಂಗಿಯ ಹೆಂಗಸೊಬ್ಬಳು ನನ್ನ ಮೇಲೆ ಇಪ್ಪತ್ತು ಕೆಜಿಯ ತೂಕದ ಕಲ್ಲು ಇಟ್ಟಳು, ಮುಳ್ಳು ಇಪ್ಪತ್ತಕ್ಕೆ ಹೋಗಿ ಅಲ್ಲಾಡದೆ ನಿಂತಿತು, ಆಕೆ ತಲೆಯಾಡಿಸಿ ಮುಂದಿನದಕ್ಕೆ ಹೋದಳು. ಅಂದು ನಾನು ಹೇಳಿದ್ದು ನನ್ನ ಮೊದಲ ಮಾತು, ಮತ್ತು ಅದು ನಿಜ.

ನನ್ನ ಹಿಂಬದಿಯಲ್ಲಿ, ಕೆಳಗಡೆ, ಹಲ್ಲುಹಲ್ಲಿನ ಒಂದು ಪುಟ್ಟ ಗಾಲಿಯಿದೆ. ಯಾರೂ ನಿಲ್ಲದಾಗ ಮುಳ್ಳು ಸೊನ್ನೆಯ ಮೇಲೆ ಇರಬೇಕಲ್ಲ, ಲಾರಿಯ ಕುಲುಕಾಟದಲ್ಲಿ ಅದು ಅತ್ತಿತ್ತ ಸರಿದರೆ ಆ ಗಾಲಿಯನ್ನು ತಿರುಗಿಸಿ ಸೊನ್ನೆಗೆ ತರಬೇಕು. ಒಳ್ಳೆಯದಕ್ಕೆಂದೇ ಇಟ್ಟ ಗಾಲಿ. ನನ್ನ ಬಾಳಿನ ಪಾಪವೆಲ್ಲ ಅದರಿಂದಲೇ ಆಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಆಗದು.

ನನ್ನ ಮೊದಲ ಮನೆ ಬೆಟಗೇರಿಯ ಒಂದು ಗರಡಿ. ಅಲ್ಲಿ ನನ್ನನ್ನು ಎಲ್ಲರೂ 'ಕಾಟಾ' ಎನ್ನುತ್ತಿದ್ದರು. ಕೆಮ್ಮಣ್ಣು ಮೆತ್ತಿದ ಕಾಲಿನಲ್ಲಿ ಪೈಲವಾನರು ನನ್ನ ಮೇಲೆ ಹತ್ತುತ್ತಿದ್ದರು. ಮುಳ್ಳು ಏರಿದರೆ ಅಲ್ಲಿ ಹಬ್ಬ. ಅರ್ಧ ಕೆಜಿ ಇಳಿದರೆ ಮನೆಯಲ್ಲಿ ಸೂತಕವಾದಂತೆ ಮುಖ ಮಾಡುತ್ತಿದ್ದರು. ಒಬ್ಬ ಹುರಿಯಾಳು ಒಮ್ಮೆ ಲಂಗೋಟಿಯಲ್ಲಿ ಕಲ್ಲು ಸಿಕ್ಕಿಸಿಕೊಂಡು ನಿಂತ. ಉಸ್ತಾದ ಫಕೀರಪ್ಪ ಅವನ ಕಿವಿ ಹಿಂಡಿ, "ಮಗನ, ಸುಳ್ಳು ನಿಂದು, ಕಾಟಾದ್ದಲ್ಲ. ಕಾಟಾ ಎಂದೂ ಸುಳ್ಳ ಹೇಳೂದಿಲ್ಲ" ಎಂದ. ಆ ಮಾತು ಕೇಳಿ ನಾನು ಬೀಗಿದ್ದೆ. ಎಷ್ಟು ಬೀಗಿದ್ದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಉಸ್ತಾದನ ಮೊಣಕಾಲು ಸೋತು ಗರಡಿಗೆ ಬೀಗ ಬಿದ್ದಾಗ ಆತ ನನ್ನನ್ನು ತನ್ನ ಹಳೆಯ ಗೆಳೆಯ ಗುರುಸಿದ್ದಪ್ಪನವರಿಗೆ ಕೊಟ್ಟ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು ನಾನು ಗದಗಿಗೆ ಬಂದೆ.

ಗುರುಸಿದ್ದಪ್ಪನವರು ಒಂದು ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿ, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಕೆಲಸ ಬಿಟ್ಟರೂ ಕೆಂಪು ಪೆನ್ನು ಅವರ ಜೇಬು ಬಿಟ್ಟಿರಲಿಲ್ಲ. ಮನೆಗೆ ಬಂದ ಮದುವೆಯ ಕರೆಯೋಲೆಯನ್ನೂ ತಿದ್ದಿಯೇ ಮದುವೆಗೆ ಹೋಗುವವರು. ಇದ್ದದ್ದನ್ನು ಇದ್ದಂತೆ ಓದುವುದು ಅವರ ಕಸುಬು, ಮತ್ತು ಕಸುಬೇ ಅವರ ಸ್ವಭಾವ. ಬಾಯಿಬಿಟ್ಟು ಒಂದು ಸುಳ್ಳು ಹೇಳಬೇಕಾದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು ಎಂದು ಅವರ ಹೆಂಡತಿ ಕಸ್ತೂರೆವ್ವ ನಗುತ್ತಿದ್ದಳು.

ನಾನು ಆ ಮನೆಗೆ ಬಂದದ್ದು ಕಸ್ತೂರೆವ್ವನ ಸಲುವಾಗಿ. ಆಕೆಗೆ ಐವತ್ತಾರು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ಕೂತು ಬಡಿದದ್ದೇ ಬಡಿದದ್ದು. ಕೈಗೆ ಬಿಡುವಿಲ್ಲ, ಕಾಲಿಗೆ ಕೆಲಸವಿಲ್ಲ. ಜೊತೆಗೆ, ತವೆಯಿಂದ ಇಳಿದ ಮೊದಲ ರೊಟ್ಟಿ ಬೆಣ್ಣೆ, ಶೇಂಗಾ ಚಟ್ನಿಯ ಸಂಗಡ ಮಾಡಿದವಳ ಬಾಯಿಗೇ ಹೋಗಬೇಕೆಂಬುದು ಆಕೆಯ ಶಾಸ್ತ್ರ. ವರ್ಷದಿಂದ ವರ್ಷಕ್ಕೆ ಮೈ ಏರಿತು, ಮೈಯ ಹಿಂದೆ ಸಕ್ಕರೆ ಕಾಯಿಲೆ ಬಂತು.

ಆಗಲೇ ಇಳಕಲ್ಲಿನಿಂದ ಮಗಳು ಶೈಲಾಳ ಫೋನು ಬಂದಿತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಆಕೆಗೆ ದಿನ ನಿಂತಿದ್ದವು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಕಸ್ತೂರೆವ್ವ ಕುಣಿದಾಡಿದಳು. ಆದರೆ ಆ ವಾರ ಡಾಕ್ಟರು ಆಕೆಯ ಚೀಟಿ ನೋಡಿ ಕನ್ನಡಕ ತೆಗೆದಿಟ್ಟರಂತೆ. ಆ ಮಾತನ್ನು ಗುರುಸಿದ್ದಪ್ಪನವರು ಮನೆಗೆ ಬಂದು ಅಕ್ಷರ ಬಿಡದೆ ಒಪ್ಪಿಸಿದರು: "ಆರು ತಿಂಗಳಿನಾಗ ಎಂಟು ಕೆಜಿ ಇಳಸ್ರಿ. ಇಲ್ಲಾಂದ್ರ ಮಗಳ ಬಾಣಂತನ ನೀವು ಮಾಡೂದಿಲ್ಲ, ನಿಮ್ಮ ಬಾಣಂತನ ಆಕಿ ಮಾಡಬೇಕಾಗ್ತೈತಿ."

ಮೊದಲ ಶನಿವಾರ ಸ್ನಾನ ಮಾಡಿ, ತುರುಬು ಬಿಚ್ಚಿ, ಬಳೆ ಸಹ ತೆಗೆದಿಟ್ಟು ಆಕೆ ನನ್ನ ಮೇಲೆ ನಿಂತಳು. ನಿಂತಲ್ಲಿಂದ ಆಕೆಗೆ ಮುಳ್ಳು ಕಾಣದು, ನಡುವೆ ಹೊಟ್ಟೆ. ಬಗ್ಗಿದರೆ ಮುಳ್ಳು ಓಲಾಡುತ್ತದೆ. ಹಾಗಾಗಿ ಗುರುಸಿದ್ದಪ್ಪನವರು ಕುಕ್ಕರಗಾಲಲ್ಲಿ ಕೂತು, ಮೂಗು ನನ್ನ ಗಾಜಿಗೆ ತಾಗುವಷ್ಟು ಬಗ್ಗಿ, ಓದಿದರು. "ಎಂಬತ್ತೊಂದು." ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದರು.

ಮಾರನೆಯ ದಿನದಿಂದ ಭೀಷ್ಮ ಕೆರೆಯ ದಂಡೆಯ ಮೇಲೆ ನಡಿಗೆ ಶುರುವಾಯಿತು. ಬಿಳಿ ಬೂಟು ಬಂತು; ಸೀರೆಯ ಕೆಳಗೆ ಬೂಟು ಕಂಡು ಓಣಿಯ ಹೆಂಗಸರು ನಕ್ಕರು, ಆಕೆಯೂ ನಕ್ಕಳು. ಮೊದಲ ರೊಟ್ಟಿಯ ಶಾಸ್ತ್ರ ನಿಂತಿತು. ಒಂದು ತಿಂಗಳಲ್ಲಿ ಎರಡು ಕೆಜಿ ಇಳಿಯಿತು. ಗರಡಿಯಲ್ಲಿ ಏರುವುದಕ್ಕೆ ಸಿಗುತ್ತಿದ್ದ ಚಪ್ಪಾಳೆ ಇಲ್ಲಿ ಇಳಿಯುವುದಕ್ಕೆ ಸಿಗುತ್ತದೆ ಎಂದು ನಾನು ಕಲಿತೆ.

ಆಮೇಲೆ ಮುಳ್ಳು ಎಪ್ಪತ್ತೊಂಬತ್ತರಲ್ಲಿ ಹೂತುಹೋಯಿತು. ಒಂದು ವಾರ, ಎರಡು ವಾರ, ನಾಲ್ಕು ವಾರ. ಆಕೆ ನಡೆಯುತ್ತಿದ್ದಳು, ಅರೆಹೊಟ್ಟೆ ಉಣ್ಣುತ್ತಿದ್ದಳು. ಮೈ ಜಪ್ಪಯ್ಯ ಅನ್ನಲಿಲ್ಲ. ಐವತ್ತು ದಾಟಿದ ಮೈ ಹಳೆಯ ಸಾಲಿಗನಂತೆ, ಕೊಟ್ಟದ್ದನ್ನು ಬೇಗ ಬಿಡುವುದಿಲ್ಲ. ಐದನೆಯ ಶನಿವಾರ ಗುರುಸಿದ್ದಪ್ಪನವರು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿದರು. ಆಮೇಲೆ, ಇದ್ದದ್ದು ಇದ್ದಂತೆ, "ಎಪ್ಪತ್ತೊಂಬತ್ತೂವರೆ" ಎಂದರು.

ಕಸ್ತೂರೆವ್ವ ನನ್ನ ಮೇಲಿಂದ ಇಳಿದು ಅಲ್ಲೇ ನೆಲದ ಮೇಲೆ ಕೂತಳು. "ಉಪಾಸ ಇದ್ದರೂ ಅಷ್ಟ, ಉಂಡರೂ ಅಷ್ಟ. ಈ ಮೈ ನನ್ನ ಮಾತು ಕೇಳೂದಿಲ್ಲ ಬಿಡ್ರಿ. ನನ್ನ ಹಣೆಬರಾನ ಇಷ್ಟು" ಎಂದಳು. ಬೂಟು ಕಪಾಟಿನ ಮೇಲೇರಿತು. ಮೂರು ದಿನ ಆಕೆ ಕೆರೆಯ ಕಡೆ ಮುಖ ಹಾಕಲಿಲ್ಲ. ನಾಲ್ಕನೆಯ ದಿನ ಮೊದಲ ರೊಟ್ಟಿ ಬೆಣ್ಣೆಯ ಸಮೇತ ಮತ್ತೆ ಆಕೆಯ ತಾಟಿಗೆ ಬಂತು.

ಗುರುಸಿದ್ದಪ್ಪನವರ ಕಾಲುಗಳನ್ನು ನಾನು ಮಂಚದ ಕೆಳಗಿನಿಂದ ನೋಡುತ್ತಿದ್ದೆ. ಅವು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಅಲೆಯುತ್ತಿದ್ದವು. ಶುಕ್ರವಾರ ಹೇಗೋ ಆಕೆಯನ್ನು ಗೋಗರೆದು ಕೆರೆಗೆ ಕರೆದೊಯ್ದರು. ಶನಿವಾರ ಆಕೆ ಬಚ್ಚಲಲ್ಲಿದ್ದಾಗ ಬಾಗಿಲು ಮುಂದೆ ಮಾಡಿಕೊಂಡು ನನ್ನ ಹತ್ತಿರ ಕೂತರು. ಬಾಯಿಂದ ಸುಳ್ಳು ಬಾರದ ಮನುಷ್ಯ. ಓದಿದರೆ ಇದ್ದದ್ದನ್ನೇ ಓದಬೇಕು. ಹಾಗಾದರೆ ಇರುವುದನ್ನೇ ಬದಲಿಸಿದರಾಯಿತಲ್ಲ ಎಂದು ಅವರ ಬುದ್ಧಿ ಹೇಳಿತು. "ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ಇದು ಒಂದ ಸುಳ್ಳು, ಅದೂ ಬಾಯಾಗಿಂದಲ್ಲ" ಎಂದು ತಮಗೆ ತಾವೇ ಗೊಣಗಿ, ಬೆರಳು ಕೆಳಗೆ ಹಾಕಿ ಗಾಲಿಯನ್ನು ತಿರುಗಿಸಿದರು. ನನ್ನ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಸರಿಯಿತು.

ಆಕೆ ಬಂದು ನಿಂತಳು. "ಎಪ್ಪತ್ತೆಂಟು!" ಎಂದರು. ಬಿಕ್ಕಳಿಕೆ ಬರಲಿಲ್ಲ. ಅವರು ಇದ್ದದ್ದನ್ನೇ ಓದಿದ್ದರು.

ಕಸ್ತೂರೆವ್ವನ ಹಿಮ್ಮಡಿಗಳು ನನ್ನ ಬೆನ್ನ ಮೇಲೆ ಮಕ್ಕಳ ಕಾಲಿನಂತೆ ಕುಣಿದವು. ಅಂದೇ ಬೂಟು ಕೆಳಗಿಳಿಯಿತು. ನಾನೂ ಖುಷಿಪಟ್ಟೆ ಎಂದರೆ ನಂಬುತ್ತೀರಾ? ಪಟ್ಟೆ. ಗರಡಿಯ ಮಾತು ಮರೆತು, ಇವಳ ನಗು ನೋಡಿ, ಹೋಗಲಿ ಒಂದು ಸಲ ಎಂದುಕೊಂಡೆ.

ಒಂದು ಸಲಕ್ಕೆ ಮುಗಿಯುವ ಸುಳ್ಳು ಇನ್ನೂ ಹುಟ್ಟಿಲ್ಲ. ಮುಂದಿನ ವಾರ ನಿಜ ಹೇಳಿದರೆ ತೂಕ ಏರಿದಂತೆ ಕಾಣುತ್ತದೆ. ಆಕೆ ಮತ್ತೆ ಕೂತುಬಿಡುತ್ತಾಳೆ. ಹಾಗೆಂದು ಗಾಲಿ ಇನ್ನಷ್ಟು ತಿರುಗಿತು. ಅದರ ಮುಂದಿನ ವಾರ ಇನ್ನಷ್ಟು. ಆಕೆ ಇಳಿದು ಹೋದ ಮೇಲೆ ಅವರು ಮುಳ್ಳನ್ನು ಮತ್ತೆ ಸೊನ್ನೆಗೆ ತಂದಿಡುತ್ತಿದ್ದರು. ಒಮ್ಮೆ ಯಾರೋ ಬಾಗಿಲು ಬಡಿದ ಗಡಿಬಿಡಿಯಲ್ಲಿ ಮರೆತು ಹೋದರು. ಕಸ್ತೂರೆವ್ವ ಕಸ ಹೊಡೆಯಲು ನನ್ನನ್ನು ಎಳೆದಳು, ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮಂಚದ ಕೆಳಗೆ ದೂಡಿದಳು. ಸದ್ಯ, ಕಾಣಲಿಲ್ಲ ಎಂದುಕೊಂಡೆ.

ಆಕೆ ಓಣಿಗೇ ಗುರುವಾದಳು. ನಕ್ಕ ಹೆಂಗಸರೇ ಈಗ "ಕಸ್ತೂರಕ್ಕಾ, ಏನ್ ಉಣ್ತೀರಿ, ಎಷ್ಟು ಸುತ್ತು ಹೊಡೀತೀರಿ?" ಎಂದು ಕೇಳಿಕೊಂಡು ಬಂದರು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಎಂಟಕ್ಕ ಇನ್ನೊಂದು ಹೆಚ್ಚ ಇಳೀಲಿ, ಎಪ್ಪತ್ತೆರಡಾಗಲಿ ತಡೀರಿ, ಅವರು ಬಾಯಿ ಮ್ಯಾಲೆ ಬಟ್ಟು ಇಟ್ಟು ನೋಡಬೇಕು" ಎನ್ನುತ್ತಿದ್ದಳು. ಗುರುಸಿದ್ದಪ್ಪನವರಿಗೂ ಡಾಕ್ಟರ ಹೆಸರೆತ್ತಿದರೆ ಕುಂಬಳಕಾಯಿ ಕಳ್ಳನ ಪಾಡು, ಕೈ ಹೆಗಲಿಗೆ ಹೋಗುತ್ತಿತ್ತು. ಅವರೂ ಒತ್ತಾಯ ಮಾಡಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಊಟವಾದ ಮೇಲೆ ಮಂಚದ ಹಲಗೆಯ ಸಂದಿಯಿಂದ ಏನೋ ಟಕ್ಕೆಂದು ನನ್ನ ಬೆನ್ನ ಮೇಲೆ ಬಿತ್ತು. ಒಂದು ಬಿಳಿ ಗುಳಿಗೆ. ಸಕ್ಕರೆ ಕಾಯಿಲೆಯ ಸಂಜೆಯ ಗುಳಿಗೆ. ಗಂಡ ನೀರಿನ ಲೋಟದ ಸಂಗಡ ಕೊಟ್ಟದ್ದನ್ನು ಆಕೆ ಬಾಯಿಗೆ ಹಾಕಿದಂತೆ ಮಾಡಿ ಹಾಸಿಗೆಯ ಅಂಚಿನಿಂದ ಕೆಳಗೆ ಬಿಟ್ಟಿದ್ದಳು. ಮರುದಿನ ಮಗಳಿಗೆ ಫೋನಿನಲ್ಲಿ ಪಿಸುಗುಟ್ಟಿದಳು: "ತೂಕ ಇಳದಂಗ ಗುಳಗಿ ಕಡಿಮಿ ಆಗ್ತಾವು ಅಂತ ಡಾಕ್ಟರ್ ಹೇಳ್ಯಾರವ್ವ. ನಂದು ಇಳದೈತಲ್ಲ? ಆ ಗುಳಗಿ ತಗೊಂಡ್ರ ಮುಂಜಾನೆ ನಡಿಯಾಕ ತ್ರಾಣ ಇರೂದಿಲ್ಲ. ನಿಮ್ಮಪ್ಪಗ ಹೇಳಬ್ಯಾಡ."

ಗಂಡ ಹೆಂಡತಿಗೆ ಸುಳ್ಳು, ಹೆಂಡತಿ ಗಂಡನಿಗೆ ಸುಳ್ಳು. ಎರಡೂ ಗೊತ್ತಿದ್ದದ್ದು ನನಗೊಬ್ಬನಿಗೇ. ಒಂದು ನನ್ನ ಹೊಟ್ಟೆಯ ಕೆಳಗಿತ್ತು, ಇನ್ನೊಂದು ಬೆನ್ನ ಮೇಲೆ. ಗುಳಿಗೆಗಳು ಬೀಳುತ್ತಲೇ ಹೋದವು, ನನ್ನ ಬೆನ್ನಿನಿಂದ ಉರುಳಿ ಗೋಡೆಯ ಮೂಲೆ ಸೇರುತ್ತಿದ್ದವು; ಗುಡಿಸುವವಳು ಆಕೆಯೇ ಆದ್ದರಿಂದ ಗಂಡನ ಕಣ್ಣಿಗೆ ಬೀಳಲಿಲ್ಲ. ಬಾಯಿ ಇರುವವರೆಲ್ಲ ಏನೇನೋ ಹರಟುತ್ತಾರೆ. ಆ ಎರಡು ತಿಂಗಳು ನನಗೊಂದು ಬಾಯಿ ಬೇಕಿತ್ತು.

ಗಾಲಿ ಇನ್ನು ತಿರುಗಲಾರದಷ್ಟು ತಿರುಗಿದ ಶನಿವಾರ ಕ್ಯಾಲೆಂಡರಿನಲ್ಲಿ ಎಪ್ಪತ್ತೆರಡು ಬಂತು. ನನ್ನ ಒಳಗಿನ ನಿಜ ಎಪ್ಪತ್ತೆಂಟೂವರೆ. ಅಂದು ಆಕೆ ನನ್ನ ಮೇಲೆ ನಿಂತಾಗ ಎಡಗಾಲಿನ ಕಿರುಬೆರಳು ತಣ್ಣಗೆ, ಒದ್ದೆಯಾಗಿ ತಾಕಿತು. ಬೂಟು ಕಚ್ಚಿ ಗುಳ್ಳೆ ಒಡೆದಿತ್ತು. ಸಕ್ಕರೆ ಏರಿದ ಕಾಲಿಗೆ ನೋವು ಗೊತ್ತಾಗುವುದಿಲ್ಲ ಅಂತೆ; ಆಕೆಗೆ ಗೊತ್ತೇ ಆಗಿರಲಿಲ್ಲ. ವಾರದಲ್ಲಿ ಕಾಲು ಬಾತಿತು, ಚಳಿಜ್ವರ ಬಂತು, ಬೆರಳು ಕಪ್ಪಾಯಿತು. ಗುರುಸಿದ್ದಪ್ಪನವರು ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಮನೆ ಹದಿನೈದು ದಿನ ಖಾಲಿ ಬಿದ್ದಿತು.

ಮೊದಲು ಅವರೊಬ್ಬರೇ ಬಂದರು. ಮರುದಿನ ಹೆಂಡತಿಯನ್ನು ಕರೆತರಬೇಕು, ಮನೆ ಗುಡಿಸೋಣವೆಂದು ಮಂಚದ ಕೆಳಗೆ ಕಸಬರಿಗೆ ಹಾಕಿದರು. ಗುಳಿಗೆಗಳು ಉರುಳಿ ಬಂದವು. ಒಂದೊಂದನ್ನೇ ಹೆಕ್ಕಿ ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ನನ್ನನ್ನು ಎಳೆದು ಗಾಲಿಯನ್ನು ನೋಡಿದರು. ಮೂವತ್ತಾರು ವರ್ಷ ಊರವರ ತಪ್ಪು ಹಿಡಿದವರು ನನ್ನ ಮುಂದೆ ನೆಲದ ಮೇಲೆ ಕೂತು ಹಣೆ ಚಚ್ಚಿಕೊಂಡರು.

ಕಸ್ತೂರೆವ್ವ ಬಂದಳು. ಎಡಗಾಲಿಗೆ ದಪ್ಪ ಪಟ್ಟಿ, ಕಿರುಬೆರಳು ಇರಲಿಲ್ಲ. ಮಧ್ಯಾಹ್ನ ಆಕೆ ಮಂಚದ ಮೇಲೆ ದಿಂಬಿಗೆ ಕಾಲು ಕೊಟ್ಟು ಒರಗಿದ್ದಾಗ ಅವರು ಗುಳಿಗೆಗಳ ಬಟ್ಟಲನ್ನು ಆಕೆಯ ಮುಂದಿಟ್ಟರು. ಆಕೆ ಮುಖ ತಿರುಗಿಸಿದಳು. ಬೈಗುಳ ಬರಬಹುದೆಂದು ಕಾದಿರಬೇಕು.

"ನಿಂದಲ್ಲ ತಪ್ಪು. ನಾ ಇದರ ಗಾಲಿ ತಿರಗಸ್ತಿದ್ದೆ. ಪ್ರತಿ ಶನಿವಾರ" ಎಂದರು ಗುರುಸಿದ್ದಪ್ಪನವರು. "ನೀ ಎಪ್ಪತ್ತೆರಡಕ್ಕ ಇಳದಿದ್ದಿಲ್ಲ, ಕಸ್ತೂರಿ."

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಮುಳ್ಳು ಸೊನ್ನಿ ಹಿಂದ ನಿಂತಿದ್ದು. ಕಸಾ ಹೊಡಿಯುವಾಗ ನೋಡೀನಿ."

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಮತ್ತ ಸುಮ್ನ್ಯಾಕಿದ್ದಿ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಓದಿ ಹೇಳುವಾಗ ನಿಮ್ಮ ಮಾರಿ ನೀವು ನೋಡಿಲ್ಲ. ಹಬ್ಬ ಬಂದಂಗ ಆಗ್ತಿತ್ತು. ನನ್ನ ಸಲುವಾಗಿ ಇಷ್ಟು ಮಾಡ್ತಾರಲ್ಲ, ಯಾಕ ಕೆಡಸಲಿ ಅಂತ ಸುಮ್ನಾದೆ. ಸುಳ್ಳಾದ್ರೂ ಕಿವಿಗೆ ಛಲೋ ಅನಸ್ತಿತ್ತು. ಆಮ್ಯಾಲ... ಆಮ್ಯಾಲ ನಾನೂ ನಂಬಿಬಿಟ್ಟೆ ರೀ. ವಾರವಾರ ಕೇಳಿದ್ದು ಖರೇನ ಆಗಿಬಿಡ್ತೈತಿ. ಗುಳಗಿ ಬಿಟ್ಟಾಕಿ ನಾನ. ಆ ಪಾಪ ನಿಮ್ಮದಲ್ಲ."

"ನಂದ."

"ಅಲ್ಲ, ನಂದು."

ಜನ ಹೊಲ ಮನೆಗೆ ಜಗಳಾಡುವುದನ್ನು ಕೇಳಿದ್ದೇನೆ. ಇವರು ಪಾಪಕ್ಕಾಗಿ ಜಗಳಾಡುತ್ತಿದ್ದರು, ಇಬ್ಬರ ಕಣ್ಣಲ್ಲೂ ನೀರು. ನಡುವೆ ನೆಲದ ಮೇಲೆ ನಾನು. ನನಗೂ ಅದರಲ್ಲಿ ಪಾಲಿದೆ ಎಂದು ಯಾರಿಗೆ ಹೇಳಲಿ?

ಅದಕ್ಕಿಂತ ದೊಡ್ಡ ಪೆಟ್ಟು ಮರುವಾರ ಬಿತ್ತು. ಶೈಲಾಳ ಅತ್ತೆ ಇಳಕಲ್ಲಿನಿಂದ ನೋಡಲು ಬಂದರು. ಒಳ್ಳೆಯ ಹೆಂಗಸು, ಒಂದು ಚುಚ್ಚುಮಾತಿಲ್ಲ. ಕಾಲು ನೋಡಿ, ಆಕೆಯ ಕೈ ಹಿಡಿದು, "ನೀವು ಮದ್ಲ ಆರಾಮ ಆಗ್ರಿ ಬೀಗತೆವ್ವ. ಬಾಣಂತನ ನಮ್ಮಲ್ಲೇ ಮಾಡ್ತೇವಿ" ಎಂದರು. ಕಸ್ತೂರೆವ್ವ ನಗುನಗುತ್ತ ಹೂಂಗುಟ್ಟಿದಳು. ಬೀಗತಿ ಹೋದ ಮೇಲೆ ಕಪಾಟು ತೆಗೆಸಿ, ಕೂಸಿಗೆಂದು ಹಳೆಯ ಸೀರೆ ಹರಿದು ಹೊಲಿದಿಟ್ಟ ಮೆತ್ತನೆಯ ಬಟ್ಟೆಗಳು, ಬಾಣಂತಿಗೆ ಕೊಡುವ ಅಂಟಿನ ಉಂಡಿಗೆಂದು ಕೂಡಿಟ್ಟ ಅಂಟು, ಒಣಕೊಬ್ಬರಿ, ಉತ್ತತ್ತಿ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಇಳಕಲ್ಲಿಗೆ ಕಳಿಸಿದಳು. ಒಂಬತ್ತು ವರ್ಷ ಹರಕೆ ಹೊತ್ತ ತಾಯಿ, ಮಗಳ ಎಣ್ಣೆನೀರಿಗೆ ತನ್ನ ಕೈ ಆಗಲಿಲ್ಲವೆಂದು ಮಂಚದ ಮೇಲೆ ಅತ್ತದ್ದನ್ನು ನಾನು ಕೆಳಗಿನಿಂದ ಕೇಳಿದೆ. ಗಂಡು ಕೂಸು ಹುಟ್ಟಿದ ಸುದ್ದಿ ಫೋನಿನಲ್ಲೇ ಬಂತು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಪಟ್ಟಿ ಬಿಚ್ಚಿದ ಮೊದಲ ಶನಿವಾರ ಆಕೆಯೇ ನನ್ನನ್ನು ಕಾಲಿನಿಂದ ಎಳೆದು, "ಬರ್ರಿ, ಓದ್ರಿ" ಎಂದಳು. ಮುಳ್ಳು ಎಂಬತ್ತು ಎಂದಿತು. ಗುರುಸಿದ್ದಪ್ಪನವರು ಎಂಬತ್ತೇ ಓದಿದರು. "ಆತು, ಎಂಬತ್ತರಿಂದನ ಶುರು" ಎಂದಳು ಆಕೆ. ಅಂದಿನಿಂದ ಇಬ್ಬರೂ ಕೂಡಿ ನಡೆದರು, ಬೆರಳಿಲ್ಲದ ಕಾಲಿನ ನಿಧಾನಕ್ಕೆ ಸರಿಯಾಗಿ. ಕೆಲವು ತಿಂಗಳು ಮುಳ್ಳು ಕದಲುತ್ತಿರಲಿಲ್ಲ, ಕೆಲವು ಸಲ ಏರುತ್ತಿತ್ತು. ಏರಿದ ದಿನ ಆಕೆ ಸಿಡಿಮಿಡಿಗೊಂಡು ತವೆಯ ಮೇಲೆ ಸಿಟ್ಟು ತೀರಿಸುತ್ತಿದ್ದಳು, ಮರುದಿನ ಬೈದುಕೊಳ್ಳುತ್ತಲೇ ಬೂಟು ಹಾಕಿಕೊಳ್ಳುತ್ತಿದ್ದಳು. ಗುಳಿಗೆಯನ್ನು ಗಂಡನ ಎದುರು ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದಳು. ನಾಲ್ಕು ವರ್ಷಕ್ಕೆ ಆರು ಕೆಜಿ ಇಳಿಯಿತು. ಡಾಕ್ಟರು ಹೇಳಿದ ಎಂಟು ಎಂದೂ ಆಗಲಿಲ್ಲ.

ಈಗ ನಾನು ಅಡುಗೆಮನೆಯ ಮೂಲೆಯಲ್ಲಿ ಜೋಳದ ಚೀಲದ ಹಿಂದೆ ಇದ್ದೇನೆ. ಹೊಟ್ಟೆಯೊಳಗಿನ ಪಟ್ಟಿಗಳಿಗೆ ತುಕ್ಕು ಹಿಡಿದಿದೆ. ಮಂಚದ ಕೆಳಗೆ ಬೆಳಕಿನ ಅಂಕಿ ತೋರಿಸುವ ಹೊಸಬ ಬಂದಿದ್ದಾನೆ, ಅವನಿಗೆ ಗಾಲಿಯೇ ಇಲ್ಲ. ಗುಜರಿಯವನು ಓಣಿಗೆ ಬಂದಾಗಲೆಲ್ಲ ನನ್ನ ಹೆಸರು ಬರುತ್ತದೆ, ಹೋಗುತ್ತದೆ. ಹೋಗುವ ಮುಂಚೆ ನನ್ನ ಕೊನೆಯ ಶನಿವಾರದ್ದನ್ನು ಹೇಳಿಬಿಡಬೇಕು.

ಅಂದು ಆಕೆ ನಿಂತು, ಅವಸರದಲ್ಲಿ ಇಳಿದು ಒಲೆಯ ಕಡೆ ಹೋದಳು, ತವೆ ಕಾದಿತ್ತು. ಗುರುಸಿದ್ದಪ್ಪನವರು ಕಂಡದ್ದು ಎಪ್ಪತ್ತೊಂದು. ಹಿಂದಿನ ವಾರ ಎಪ್ಪತ್ನಾಲ್ಕು ಇತ್ತು. ಮುಳ್ಳು ನೋಡಿದರು, ಸೊನ್ನೆಯ ಮೇಲೆ ಸರಿಯಾಗಿಯೇ ಇತ್ತು. ಗಾಲಿ ನೋಡಿದರು, ಅಲ್ಲಾಡಿರಲಿಲ್ಲ. ಅಂಗಡಿಯಿಂದ ಬಂದಿದ್ದ ಇಪ್ಪತ್ತು ಕೆಜಿ ಜೋಳದ ಚೀಲವನ್ನು ಏದುಸಿರು ಬಿಡುತ್ತ ಎಳೆದು ತಂದು ನನ್ನ ಮೇಲಿಟ್ಟರು. ನಾನು ಇದ್ದ ತ್ರಾಣವನ್ನೆಲ್ಲ ಹಾಕಿ ತಿಣುಕಿದೆ. ಹದಿನೇಳರಲ್ಲಿ ತುಕ್ಕು ಕಚ್ಚಿ ಹಿಡಿಯಿತು. ಕಾರ್ಖಾನೆಯಿಂದ ಇಲ್ಲಿಯವರೆಗೆ ಯಾರ ಬೆರಳೂ ಮುಟ್ಟದೆ ನಾನೇ ಹೇಳಿದ ಮೊದಲ ಸುಳ್ಳು ಅದು.

ಅವರು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಚೌಕಟ್ಟನ್ನು ಹಿಡಿದುಕೊಂಡಿದ್ದರು.

"ಕಸ್ತೂರಿ, ಕಾಟಾ ಮೂರು ಕೆಜಿ ಕಡಿಮಿ ತೋರಸಾಕತ್ತೈತಿ. ನಾ ಮುಟ್ಟಿಲ್ಲ. ಆಣಿ ಮಾಡಿ ಹೇಳ್ತೇನಿ, ಈ ಸಲ ನಾ ಮುಟ್ಟಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಕೆ ಎದ್ದು ಬಂದು ಗಾಲಿ ನೋಡುತ್ತಾಳೆ ಎಂದುಕೊಂಡೆ. ನೋಡುವ ಹಕ್ಕು ಆಕೆಗಿತ್ತು. ಆಕೆ ಏಳಲಿಲ್ಲ. ಗಂಡನ ಮುಖವನ್ನೊಮ್ಮೆ ನೋಡಿದಳು, ಹಿಟ್ಟಿನ ಮೇಲೆ ಮತ್ತೆ ಕೈ ಇಟ್ಟಳು.

"ಹಂಗಾರ ಮೂರು ಕೂಡಿಸಿ ಬರೀರಿ" ಎಂದಳು.

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಗುರುಸಿದ್ದಪ್ಪನವರು ಕ್ಯಾಲೆಂಡರಿನ ಮುಂದೆ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಕನ್ನಡಕ ಒರೆಸಿಕೊಂಡು, ಎಪ್ಪತ್ನಾಲ್ಕು ಎಂದು ಬರೆದರು.